ಘೋಡಗೇರಿಯ ಉಡಿಯಕ್ಕಿ

ಹುಕ್ಕೇರಿ
18 ಜೂನ್ 2023

ಅಪ್ಪಾ,

ನಾನು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ ಎಂದು ಪತ್ರ ಶುರು ಮಾಡಬೇಕೆಂದು ಸಾಲೆಯಲ್ಲಿ ಕಲಿಸಿದ್ದರು. ಕ್ಷೇಮವೇನೋ ಹೌದು, ಆದರೆ ದಣಿದಿದ್ದೇನೆ. ಕೆಲಸಕ್ಕೆ ಸೇರಿ ಈಗಷ್ಟೇ ತಿಂಗಳಾಯಿತು, ಇಷ್ಟು ಬೇಗ ದಣಿದಳೇ ಎಂದು ನೀವು ನಗಬಹುದು. ನಗಿ.

ಜ್ವರದಲ್ಲಿ ನಿಮ್ಮ ಕಿವಿ ಹೋದ ಮೇಲೆ ಫೋನು ಮಾಡಿ ಪ್ರಯೋಜನವಿಲ್ಲ, ಮೊಬೈಲಿನ ಸಣ್ಣ ಅಕ್ಷರ ನಿಮ್ಮ ಕಣ್ಣಿಗೆ ಹತ್ತುವುದಿಲ್ಲ. ಹೀಗಾಗಿ ನನ್ನ ಜೊತೆಯವರೆಲ್ಲ ಅಪ್ಪಂದಿರಿಗೆ ಫೋಟೋ ಕಳಿಸುತ್ತಿದ್ದರೆ ನಾನು ಅಂಚೆ ಕಚೇರಿಗೆ ಹೋಗಿ ಲಕೋಟೆ ಕೇಳುತ್ತೇನೆ. ಅಲ್ಲಿಯವರು ಯಾವ ನೌಕರಿಗೆ ಅರ್ಜಿ ಹಾಕುತ್ತಿದ್ದೀಯೆಂದು ಕೇಳಿದರು. ನೌಕರಿ ಸಿಕ್ಕಿದೆ, ಅಪ್ಪನಿಗೆ ಬರೆಯುತ್ತಿದ್ದೇನೆ ಎಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಗೋಕಾಕದಲ್ಲಿ ಡಿಗ್ರಿ ಮುಗಿಸಿ, ಬೆಳಗಾವಿಯಲ್ಲಿ ಎಂ.ಎಸ್.ಡಬ್ಲ್ಯೂ. ಓದುವಾಗ ಎಚ್‌ಆರ್ ಎಂದರೆ ತಣ್ಣನೆಯ ಕೋಣೆ, ಮೇಜಿನ ಆಚೆ ಕುಳಿತು ಬಂದವರನ್ನು ಪರೀಕ್ಷಿಸುವುದು ಎಂದುಕೊಂಡಿದ್ದೆ. ಇಲ್ಲಿ ಎಲ್ಲ ಉಲ್ಟಾ. ಕಣಗಲಾದ ಹತ್ತಿರ, ಹೆದ್ದಾರಿ ಬದಿಗೆ ನಮ್ಮ ಗಾರ್ಮೆಂಟ್ ಕಾರ್ಖಾನೆ. ಅಂಗಿ ಹೊಲಿಯುವ ಯಂತ್ರಗಳು ಸಾಲಾಗಿ ಕುಳಿತಿವೆ, ಅವುಗಳ ಮುಂದೆ ಕೂರಲು ಹೆಂಗಸರಿಲ್ಲ. ಜನರನ್ನು ನಾನು ಊರೂರು ತಿರುಗಿ ಹುಡುಕಿ ತರಬೇಕು. ನಮ್ಮ ಮ್ಯಾನೇಜರ್ ಕಿಶೋರ ಸಾಹೇಬರು ಕೊಲ್ಹಾಪುರದವರು. ಕನ್ನಡದಲ್ಲಿ ಮಾತಾಡುವವಳು ಸಿಕ್ಕಳೆಂದೇ ನನ್ನನ್ನು ತೆಗೆದುಕೊಂಡರಂತೆ. ನನ್ನ ಅಂಕಪಟ್ಟಿಯನ್ನು ಅವರು ಮಡಿಸಿದ್ದು ಬಿಚ್ಚಿಯೂ ನೋಡಲಿಲ್ಲ.

ಕೊರಳಲ್ಲಿ ಕಾರ್ಡು ಹಾಕಿಕೊಂಡು, ಕಾಗದ ಹಂಚುತ್ತ ತಿರುಗುತ್ತೇನೆ. ಕೆಲವರು ಮೈಕ್ರೋಫೈನಾನ್ಸಿನವಳೆಂದು ತಿಳಿದು ಬಾಗಿಲು ಹಾಕಿಕೊಳ್ಳುತ್ತಾರೆ. ಮೇಲಿನ ಓಣಿಯಲ್ಲಿ ಕಟ್ಟೆಯ ಮೇಲೆ ಕೂರಿಸಿ, ಜಾತಿ ತಿಳಿಯಲು ಮೊದಲು ಅಡ್ಡಹೆಸರು ಕೇಳುತ್ತಾರೆ, ಹೇಳಿದ ಮೇಲೆ ನೀರು ತರಲು ಒಳಗೆ ಹೋದವರು ಹೊರಗೆ ಬರುವುದಿಲ್ಲ. ಮೂರು ತಿಂಗಳೊಳಗೆ ಒಂದು ಬಸ್ಸು ತುಂಬ ಜನ ಆಗದಿದ್ದರೆ ನನ್ನನ್ನು ಕಾಯಂ ಮಾಡುವುದಿಲ್ಲ.

ನೀವು ಅಷ್ಟು ವರ್ಷ ಜನರನ್ನು ಕೂಡಿಸಿ ಒಯ್ಯುತ್ತ ಕಬ್ಬು ಕಡಿಯುವ ಟೋಳಿಗೆ ಮುಕಾದಮರಾಗಿದ್ದಿರಿ. ಜನ ನಿಮ್ಮ ಹಿಂದೆ ಹೇಗೆ ಬರುತ್ತಿದ್ದರು? ಸೆಮಿಸ್ಟರ್‌ಗಟ್ಟಲೆ ಓದಿ ಈಗ ನಿಮ್ಮನ್ನು ಕೇಳುತ್ತಿದ್ದೇನೆ, ನೋಡಿ.

ನಿಮ್ಮ
ನಂದಿನಿ

ಮೂಡಲಗಿ
25 ಜೂನ್ 2023

ನಂದವ್ವಾ,

ಪತ್ರ ಮುಟ್ಟಿತು. ನಿಮ್ಮ ಎಚ್‌ಆರ್ ಎಂದರೆ ಏನೋ ದೊಡ್ಡದೆಂದು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದೆ. ಓದಿದ ಮೇಲೆ ತಿಳಿಯಿತು, ಅದು ಇಂಗ್ಲಿಷಿನ ಮುಕಾದಮಕಿ. ನಾನು ಧೋತರ ಉಟ್ಟು ಮಾಡುತ್ತಿದ್ದೆ, ನೀನು ಕಾರ್ಡು ಹಾಕಿಕೊಂಡು ಮಾಡುತ್ತೀ.

ಮೊದಲು ಆ ಕಾರ್ಡನ್ನು ಚೀಲದಲ್ಲಿ ಇಡು. ಕಟ್ಟೆಯ ಮೇಲೆ ಕೂರಬೇಡ. ಕಟ್ಟೆಯ ಮೇಲೆ ಕೂತವರೊಡನೆ ಗಂಡಸರು ಮಾತಾಡುತ್ತಾರೆ, ಗಂಡಸರು ಬರೀ ಮಾತಾಡುತ್ತಾರೆ. ಒಲೆಯ ಹತ್ತಿರ ಹೋಗಿ ಕೂತು ರೊಟ್ಟಿ ಬಡಿಯುವವಳ ಜೊತೆ ಮಾತಾಡು. ಎಲ್ಲರನ್ನೂ ಒಪ್ಪಿಸಲು ಹೋಗಬೇಡ, ಊರಿಗೆ ಒಬ್ಬಳನ್ನು ಒಪ್ಪಿಸು. ನಾಲ್ಕು ಮಂದಿ ಯಾರ ಮಾತು ಕೇಳುತ್ತಾರೋ ಅವಳನ್ನು.

ಮತ್ತೆ, ಗೊತ್ತಿಲ್ಲದ ಊರು ಯಾಕೆ ಸುತ್ತುತ್ತೀ? ಘೋಡಗೇರಿಗೆ ಹೋಗು. ನಿನ್ನ ಅವ್ವ ಹೋಗಿ ಹತ್ತು ವರ್ಷವಾದರೂ ಅದು ಅವಳ ತವರು, ನಿನಗೆ ಅಜ್ಜನೂರು. ಅಜ್ಜನ ಮನೆ ಬಿದ್ದಿರಬಹುದು, ಓಣಿ ಬಿದ್ದಿಲ್ಲ. ಚನ್ನವ್ವನ ಮಗಳು ಎಂದು ಹೇಳು, ಸಾಕು. ಅಲ್ಲಿ ಉದ್ದವ್ವ ಎಂದು ಒಬ್ಬಳಿದ್ದಾಳೆ, ನಿನ್ನ ಅವ್ವನ ಜೊತೆ ಹೊಳೆಗೆ ಬಟ್ಟೆ ಒಗೆಯಲು ಹೋಗುತ್ತಿದ್ದವಳು. ಬಾಯಿ ಜೋರು, ಮನಸ್ಸು ಬೆಣ್ಣೆ. ಉಡಿ ತುಂಬುತ್ತೇವೆ ಎಂದರೆ ಬೇಡ ಎನ್ನಬೇಡ. ಹೆಣ್ಣುಮಗಳು ತವರಿನಿಂದ ಬರಿ ಉಡಿಯಲ್ಲಿ ಹೋಗಬಾರದೆಂದು ಅವರಿಗಿರುತ್ತದೆ. ಉಡಿಯೊಡ್ಡಿದರೆ ನೀನು ಅವರ ಮಗಳು, ಆಮೇಲೆ ನಿನ್ನ ಮಾತಿಗೆ ಇಲ್ಲ ಎನ್ನುವುದಿಲ್ಲ.

ನೀನು ಕಳಿಸಿದ ಮೊದಲ ಪಗಾರದ ಕರದಂಟು ಬಂತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದೇನೆ.

ಇಂತಿ ನಿನ್ನ ಅಪ್ಪ
ದುರ್ಗಪ್ಪ

ಹುಕ್ಕೇರಿ
10 ಸೆಪ್ಟೆಂಬರ್ 2023

ಅಪ್ಪಾ,

ಬಸ್ಸು ತುಂಬಿತು.

ನೀವು ಹೇಳಿದ ಹಾಗೆಯೇ ಮಾಡಿದೆ. ಉದ್ದವ್ವನ ಮನೆಯ ಮುಂದೆ ನಿಂತು ಚನ್ನವ್ವನ ಮಗಳು ಎಂದೆ. ಆಕೆ ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ನನ್ನ ಗಲ್ಲ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಇಷ್ಟು ವರ್ಷ ಎಲ್ಲಿ ಸತ್ತಿದ್ದೆ ಎಂದು ಬೈದಳು. ನನಗೆ ಅವ್ವನೇ ಬೈದ ಹಾಗಾಯಿತು. ಆಕೆಯನ್ನು ಅವ್ವನ ತಂಗಿಯೆಂಬಂತೆ ಚಿಗವ್ವ ಎಂದೇ ಕರೆಯುತ್ತೇನೆ.

ಓಣಿಯ ಹೆಂಗಸರನ್ನೆಲ್ಲ ಆಕೆಯೇ ಕೂಡಿಸಿದಳು. ನಾನು ಪಿ.ಎಫ್., ಇ.ಎಸ್.ಐ., ಬಸ್ಸು, ಕ್ಯಾಂಟೀನು ಎಂದು ಪಾಠ ಒಪ್ಪಿಸಿದೆ. ಯಾರೂ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅಲ್ಲವ್ವ ಎಂಬಾಕೆ, ಅಷ್ಟು ದೂರ ಹೋಗಿ ಯಾರನ್ನು ನಂಬಬೇಕು ಎಂದು ಕೇಳಿದಳು. ಚಿಗವ್ವ ಒಂದೇ ಮಾತು ಹೇಳಿದಳು.

"ನಮ್ಮ ಹೆಣ್ಮಗಳು ಕರ್ಯಾಕ ಬಂದಾಳ. ಇಲ್ಲ ಅನ್ನಾಕ ಬರ್ತೈತೇನು?"

ಅಲ್ಲಿಗೆ ಮುಗಿಯಿತು. ಆಮೇಲೆ ಉಡಿ ತುಂಬಿದರು. ಸೀರೆ ಇಲ್ಲವಲ್ಲ, ಓಢಣಿ ಒಡ್ಡಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನ ಕೊಂಬು, ಒಂದು ಹಸಿರು ಖಣ. ಕಾರ್ಡನ್ನು ಚೀಲದಲ್ಲಿಡಲು ಮರೆತಿದ್ದೆ, ಬಗ್ಗಿದಾಗ ಅದು ಜೋತು ಬಿದ್ದು ಅಕ್ಕಿಯಲ್ಲಿ ಹೂತುಕೊಂಡಿತು. ಹೆಂಗಸರು ನಕ್ಕರು. ನಾನೂ ನಕ್ಕೆ.

ಕಿಶೋರ ಸಾಹೇಬರು ನನ್ನನ್ನು ಕಾಯಂ ಮಾಡಿದ್ದಾರೆ. ಇಂಥ ರಿಕ್ರೂಟ್‌ಮೆಂಟ್ ಯಾವ ಪುಸ್ತಕದಲ್ಲೂ ಇಲ್ಲ ಎಂದರು. ಚಿಗವ್ವ ಮೊದಲ ವಾರ ಯಂತ್ರಕ್ಕೆ ಹೆದರಿ ಅಳುತ್ತಿದ್ದಳು. ಪಕ್ಕದ ಸಾಲಿನ ಜರೀನಾಬಿ ಆಕೆಯ ಕೈಯ ಮೇಲೆ ಕೈಯಿಟ್ಟು ಕಲಿಸಿದಳು. ಈಗ ಕಾಲರ್ ಹೊಲಿಯುತ್ತಾಳೆ. ನನ್ನನ್ನು ಕಂಡರೆ ಮೇಡಂ ಎನ್ನಬೇಕೆಂದು ಸೂಪರ್‌ವೈಸರ್ ಹೇಳಿದ್ದಕ್ಕೆ, ನಾವು ಉಡಿ ತುಂಬಿದ ಹುಡುಗಿ ನಮಗೆಂಥ ಮೇಡಂ ಎಂದಳಂತೆ.

ದಸರೆಗೆ ಬರಲಾಗುವುದಿಲ್ಲ. ಬೆಳಿಗ್ಗೆ ಹಾಜರಿ, ಮಧ್ಯಾಹ್ನ ಜಗಳ, ಸಂಜೆ ನಾಳೆ ಯಾರು ಬರುವುದಿಲ್ಲವೆಂಬ ಚಿಂತೆ. ಕೋಣೆಗೆ ಬಂದರೆ ಅನ್ನಕ್ಕಿಡಲೂ ಬೇಸರ. ಆದರೂ ಈ ಸಲ ಖುಷಿಯಾಗಿದ್ದೇನೆ, ಅದನ್ನು ಬರೆಯಬೇಕೆನಿಸಿತು.

ನಿಮ್ಮ
ನಂದಿನಿ

ಮೂಡಲಗಿ
2 ಅಕ್ಟೋಬರ್ 2023

ನಂದವ್ವಾ,

ಹೆಸರು ತಂದಿ. ನಿನ್ನ ಪತ್ರವನ್ನು ಚಹಾದಂಗಡಿಯಲ್ಲಿ ಓದಿಸಿದೆ. ನನಗೆ ಕೇಳಿಸದಿದ್ದರೂ ಉಳಿದವರ ಮುಖ ನೋಡಿ ಸಂತೋಷಪಟ್ಟೆ.

ಒಂದು ಮಾತು ಹೋದ ಪತ್ರದಲ್ಲೇ ಬರೆಯಬೇಕಿತ್ತು. ಜನರನ್ನು ತರುವುದು ಅರ್ಧ ಮುಕಾದಮಕಿ. ಕಬ್ಬಿನ ಹಂಗಾಮು ಮುಗಿದ ಮೇಲೆ ತಿರುಗಿ ಮನೆ ಮುಟ್ಟಿಸುವುದು ಉಳಿದ ಅರ್ಧ. ಒಂದು ವರ್ಷ ಕೃಷ್ಣಾ ಹೊಳೆಯಾಚೆಗಿನ ಸಕ್ಕರೆ ಕಾರ್ಖಾನೆಯವರು ಅರ್ಧ ಹಂಗಾಮಿಗೇ ಸಾಕೆಂದು ನಮ್ಮ ಟೋಳಿಯನ್ನು ಬಿಟ್ಟರು. ನನ್ನೊಬ್ಬನನ್ನು ಇಟ್ಟುಕೊಳ್ಳುತ್ತೇವೆ ಎಂದರು. ನಾನು ಟೋಳಿಯ ಜೊತೆ ಟ್ರ್ಯಾಕ್ಟರ್ ಹತ್ತಿದೆ. ಮರುವರ್ಷ ಒಬ್ಬರೂ ತಪ್ಪದೆ ಬಂದರು, ನಾನು ಕರೆಯಲೂ ಹೋಗಿರಲಿಲ್ಲ. ಕರೆದುಕೊಂಡು ಹೋದವನೇ ಮನೆ ಮುಟ್ಟಿಸಬೇಕು. ಇದನ್ನು ನಿಮ್ಮ ಕಾಲೇಜಿನಲ್ಲಿ ಹೇಳಿದ್ದರೆ ಸರಿ, ಇಲ್ಲದಿದ್ದರೆ ನಾನು ಹೇಳಿದ್ದೇನೆ.

ದಸರೆಗೆ ಬರದಿದ್ದರೆ ನಡೆಯುತ್ತದೆ. ಉಂಡು ಮಲಗು.

ಇಂತಿ
ದುರ್ಗಪ್ಪ

ಹುಕ್ಕೇರಿ
5 ಫೆಬ್ರುವರಿ 2025

ಅಪ್ಪಾ,

ಬಹಳ ದಿನ ಬರೆಯಲಿಲ್ಲ. ದೀಪಾವಳಿಗೆ ಬಂದಾಗಲೂ ನಾನು ಮಲಗಿಯೇ ಇದ್ದೆ, ನೀವು ಎಬ್ಬಿಸಲಿಲ್ಲ. ಈಗ ಬರೆಯಲೇಬೇಕಾದ ಸಂಕಟ ಬಂದಿದೆ.

ಹೊರದೇಶದ ಆರ್ಡರು ನಿಂತಿದೆ. ಒಂದು ಸಾಲನ್ನು ಮುಚ್ಚಬೇಕು ಎಂದು ಮೇಲಿನಿಂದ ಬಂದಿದೆ. ಆ ಸಾಲೆಂದರೆ ಘೋಡಗೇರಿಯ ಬಸ್ಸು. ದೂರದಿಂದ ಬರುವ ಬಸ್ಸು ಅದೊಂದೇ, ಅದಕ್ಕೇ ಅದು ಮೊದಲು.

ಕಂಪನಿಯೇ ತೆಗೆದರೆ ಕಾಯ್ದೆಯ ಪ್ರಕಾರ ಮುಂಚೆ ನೋಟಿಸು ಕೊಡಬೇಕು, ಪರಿಹಾರ ಕೊಡಬೇಕು. ಕೆಲಸಗಾರರು ತಾವಾಗಿಯೇ ಬಿಟ್ಟರೆ ಏನನ್ನೂ ಕೊಡಬೇಕಿಲ್ಲ. ಹೀಗಾಗಿ ಎಲ್ಲರಿಂದಲೂ ಮನೆಯ ತೊಂದರೆಯಿಂದ ಸ್ವಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ ಎಂದು ಬರೆದ ಕಾಗದಕ್ಕೆ ಸಹಿ ತರಬೇಕಂತೆ. ಯಾರು ತರಬೇಕು? ನಾನು. ನಿನ್ನ ಮಾತು ಕೇಳುತ್ತಾರೆ, ನೀನು ಅವರ ಮನೆಮಗಳಲ್ಲವೇ ಎಂದರು ಕಿಶೋರ ಸಾಹೇಬರು. ಉಡಿಯ ಕಥೆಯನ್ನು ನಾನೇ ಒಮ್ಮೆ ಅವರಿಗೆ ನಗುತ್ತ ಹೇಳಿದ್ದೆ. ಅವರೇನು ಕೆಟ್ಟವರಲ್ಲ ಅಪ್ಪಾ, ಅವರ ಕಣ್ಣುಗಳೂ ಬತ್ತಿಹೋಗಿವೆ. ಯುಗಾದಿಯ ಮೇಲೆ ಆರ್ಡರು ಬರುತ್ತದೆ, ಎಲ್ಲರನ್ನೂ ಮತ್ತೆ ಕರೆಸೋಣ ಎಂದರು. ಬರುವುದು ಖರೆಯೇ ಎಂದು ಕೇಳಿದರೆ ಫೈಲು ತೆರೆದರು.

ನಾನು ತರದಿದ್ದರೆ ಬೇರೆಯವರು ತರುತ್ತಾರೆ, ಜೊತೆಗೆ ನಾನು ಕೆಲಸ ಬಿಡುವ ಕಾಗದವೂ ಇರುತ್ತದೆ. ಇಲ್ಲಿಂದ ಹೀಗೆ ಹೊರಗೆ ಬಿದ್ದರೆ ಮುಂದೆ ಎಚ್‌ಆರ್ ಕೆಲಸಕ್ಕೆ ಯಾರು ಕರೆಯುತ್ತಾರೆ? ಹಿಂದಿನ ಕಂಪನಿಗೆ ಫೋನು ಮಾಡಿ ವಿಚಾರಿಸುವುದೇ ಈ ಲೈನಿನ ಮೊದಲ ಕೆಲಸ, ನಾನೇ ದಿನಾ ಮಾಡುತ್ತೇನೆ. ಅತ್ತ ದರಿ, ಇತ್ತ ಪುಲಿ.

ಏನು ಮಾಡಲಿ ಹೇಳಿ. ಬೇಗ ಬರೆಯಿರಿ.

ನಿಮ್ಮ
ನಂದಿನಿ

ಮೂಡಲಗಿ
9 ಫೆಬ್ರುವರಿ 2025

ನಂದಿನಿ,

ಹೋಗಬೇಡ.

ಕಂಪನಿ ತೆಗೆಯುವುದಿದ್ದರೆ ಕಂಪನಿಯೇ ತೆಗೆಯಲಿ, ಕೊಡುವುದನ್ನು ಕೊಟ್ಟು ತೆಗೆಯಲಿ. ಆ ಹೆಂಗಸರು ಕಂಪನಿಯನ್ನು ನೋಡಿ ಬಸ್ಸು ಹತ್ತಿದವರಲ್ಲ. ಉಡಿಯೊಡ್ಡು ಎಂದು ಹೇಳಿಕೊಟ್ಟವನು ನಾನು. ಇದಕ್ಕಾಗಿ ಹೇಳಿಕೊಟ್ಟದ್ದಲ್ಲ. ನೌಕರಿ ಹೋದರೆ ಹೋಗಲಿ, ಮನೆಗೆ ಬಾ. ಇಬ್ಬರಿಗೆ ರೊಟ್ಟಿ ಸಿಗದಷ್ಟು ದರಿದ್ರ ಬಂದಿಲ್ಲ.

ಈ ಪತ್ರ ಮುಟ್ಟುವ ಮೊದಲೇ ಏನಾದರೂ ಮಾಡಿಬಿಟ್ಟೀಯೋ ಎಂದು ಹೆದರಿಕೆ.

ದುರ್ಗಪ್ಪ

ಹುಕ್ಕೇರಿ
10 ಫೆಬ್ರುವರಿ 2025

ಅಪ್ಪಾ,

ನಿಮ್ಮ ಉತ್ತರ ಇನ್ನೂ ಬಂದಿಲ್ಲ. ಬಂದ ಮೇಲೆ ಓದಲು ಧೈರ್ಯವಾಗುತ್ತದೋ ಇಲ್ಲವೋ. ನಿನ್ನೆ ರವಿವಾರ ಘೋಡಗೇರಿಗೆ ಹೋಗಿ ಬಂದೆ. ಸಾಹೇಬರು ಸೋಮವಾರ ಬೆಳಿಗ್ಗೆಯೇ ಕಾಗದ ಬೇಕೆಂದಿದ್ದರು.

ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದೆ. ಅವರು ಜಗಳಕ್ಕೆ ಬರುತ್ತಾರೆ, ನಾನು ಸಮಾಧಾನ ಹೇಳುತ್ತೇನೆ ಎಂದುಕೊಂಡಿದ್ದೆ. ಜಗಳಾಡಲಿ ಎಂದು ಒಳಗೊಳಗೆ ಬೇಡಿಕೊಂಡೆ, ಯಾರಾದರೂ ಒಬ್ಬಳು ಆ ಕಾಗದವನ್ನು ಹರಿದು ಎಸೆದಿದ್ದರೆ ಸಾಕಿತ್ತು.

ಯಾರೂ ಹರಿಯಲಿಲ್ಲ. ಚಿಗವ್ವನ ಮನೆಯಲ್ಲಿ ಎಲ್ಲರೂ ಕೂಡಿದರು. ಆರ್ಡರಿಲ್ಲ, ಸ್ವಲ್ಪ ದಿನ ಮನೆಯಲ್ಲಿರಬೇಕಾಗುತ್ತದೆ, ಯುಗಾದಿಯ ಮೇಲೆ ಕರೆಸುತ್ತೇನೆ ಎಂದೆ. ಕರೆಸುತ್ತಾರೆ ಎನ್ನಲಿಲ್ಲ ಅಪ್ಪಾ, ಕರೆಸುತ್ತೇನೆ ಎಂದೆ. ಆ ಮಾತು ಬಾಯಿಗೆ ಹೇಗೆ ಬಂತೋ ಗೊತ್ತಿಲ್ಲ, ಬಂದ ಮೇಲೆ ತಿರುಗಿ ತೆಗೆದುಕೊಳ್ಳಲಿಲ್ಲ. ಅಲ್ಲವ್ವ ಕಾಗದದಲ್ಲಿ ಏನು ಬರೆದಿದೆ ಎಂದು ಓದಿ ಹೇಳಲು ಕೇಳಿದಳು. ಚಿಗವ್ವ ಆಕೆಗೇ ಗದರಿದಳು.

"ಎಲ್ಲಿ ಸಹಿ ಮಾಡ್ಬೇಕ ತೋರ್ಸು, ಯವ್ವಾ. ನೀ ಓದೀದಿ, ಮತ್ತ ನಾವ್ಯಾಕ ಓದ್ಬೇಕ?"

ತೋರಿಸಿದೆ. ಸಾಲಾಗಿ ಬಂದು ಮಾಡಿದರು. ಕಾರ್ಖಾನೆಗೆ ಸೇರಿದ ಮೇಲೆ ಚಿಗವ್ವ ಹೆಸರು ಬರೆಯಲು ಕಲಿತಿದ್ದಳು, ಹೆಬ್ಬೆಟ್ಟಿನ ಶಾಯಿ ಸರಿಸಿ ಪೆನ್ನು ಕೇಳಿದಳು. ನಿಧಾನವಾಗಿ ಬರೆದು, ಒತ್ತಕ್ಷರ ಸರಿಯಿದೆಯೇ ಎಂದು ನನ್ನ ಮುಖ ನೋಡಿದಳು. ಸರಿಯಿದೆ ಎಂದೆ.

ಹೊರಡುವಾಗ ಮತ್ತೆ ಉಡಿ ತುಂಬಿದರು. ಬೇಡ ಎಂದೆ, ಕೇಳಲಿಲ್ಲ. ಮೊದಲಿಗಿಂತ ಹೆಚ್ಚೇ ಅಕ್ಕಿ ಹಾಕಿದರು, ಹುಡುಗಿ ಸೊರಗಿದ್ದಾಳೆ, ಕೆಲಸ ಹೆಚ್ಚಾಗಿದೆ ಎಂದು ಮಾತಾಡಿಕೊಂಡರು. ಒಂದೇ ಚೀಲದಲ್ಲಿ ಕೆಳಗೆ ಕಾಗದ, ಮೇಲೆ ಅಕ್ಕಿಯ ಗಂಟು ಇಟ್ಟುಕೊಂಡು ಬಸ್ಸಿಗೆ ನಿಂತೆ.

ನಿಮ್ಮ
ನಂದಿನಿ

ಹುಕ್ಕೇರಿ
20 ಏಪ್ರಿಲ್ 2025

ಅಪ್ಪಾ,

ನಿಮ್ಮ "ಹೋಗಬೇಡ" ನಾನು ಹೋಗಿ ಬಂದ ಮೇಲೆ ಮುಟ್ಟಿತು. ಆಮೇಲೆ ನಾನು ಬರೆದದ್ದಕ್ಕೆ ಉತ್ತರವಿಲ್ಲ. ಯುಗಾದಿಗೆ ಮನೆಗೆ ಬಂದರೆ ನೀವು ನನ್ನ ಕಡೆ ನೋಡದೆ ಬೇವು ಬೆಲ್ಲ ಕೊಟ್ಟಿರಿ. ನಿಮಗೆ ಕಿವಿ ಕೇಳುವುದಿಲ್ಲ, ನಾನು ಮಾತಾಡುವುದಿಲ್ಲ, ಇಡೀ ದಿನ ಗಡಿಯಾರದ ಸದ್ದು ಕೇಳುತ್ತ ಕೂತಿದ್ದೆ.

ಯುಗಾದಿ ಹೋಯಿತು, ಆರ್ಡರು ಬರಲಿಲ್ಲ. ಆ ಸಾಲಿನ ಯಂತ್ರಗಳನ್ನು ಬಿಚ್ಚಿ ಬೇರೆ ಕಡೆಗೆ ಒಯ್ದರು. ನನ್ನನ್ನು ಸೀನಿಯರ್ ಮಾಡಿದ್ದಾರೆ. ಬಾಗಿಲಿರುವ ಕೋಣೆ ಕೊಟ್ಟಿದ್ದಾರೆ, ತಣ್ಣಗಿದೆ. ಕಾಲೇಜಿನಲ್ಲಿ ಕಂಡ ಕನಸೇ ಇದು, ಮೇಜೂ ಅಂಥದೇ. ಜರೀನಾಬಿ ಎದುರಿಗೆ ಸಿಕ್ಕರೆ ಮೊದಲು ಏನ್ ಬೇಟಿ ಎನ್ನುತ್ತಿದ್ದವಳು ಈಗ ನಮಸ್ಕಾರ ಮೇಡಂ ಎಂದು ಗೋಡೆಯ ಬಾಜೂ ಸರಿದು ಹೋಗುತ್ತಾಳೆ.

ಆ ಉಡಿಯಕ್ಕಿ ಕೋಣೆಯಲ್ಲಿ ಹಾಗೆಯೇ ಇದೆ. ಬೇಯಿಸಿ ಉಣ್ಣಲು ಆಗುವುದಿಲ್ಲ. ಉಡಿಯಕ್ಕಿಯನ್ನು ಚೆಲ್ಲಬಾರದು, ಬೇರೆಯವರಿಗೆ ಕೊಡಬಾರದು ಎಂದು ಅವ್ವ ಹೇಳುತ್ತಿದ್ದಳು. ಬೈಯಲಿಕ್ಕಾದರೂ ಬರೆಯಿರಿ.

ನಂದಿನಿ

ಮೂಡಲಗಿ
8 ಜೂನ್ 2025

ನಂದವ್ವಾ,

ಸಿಟ್ಟಿಗೆ ಬರೆಯಲಿಲ್ಲ ಎಂದುಕೊಂಡಿರುತ್ತೀ. ಸಿಟ್ಟಿತ್ತು. ಆದರೆ ಹೆಚ್ಚು ಸಿಟ್ಟು ನನ್ನ ಮೇಲೇ ಇತ್ತು, ಅದನ್ನು ಹೇಗೆ ಬರೆಯಬೇಕೋ ತಿಳಿಯಲಿಲ್ಲ. ದಾರಿ ತೋರಿಸಿದವನು ನಾನು. ನಾನು ಹಾಗೆ ಕರೆದಾಗ ಕಾರ್ಖಾನೆ ಬಿಟ್ಟರೂ ಟೋಳಿ ನನ್ನದಾಗಿತ್ತು, ತಿರುಗಿ ಮನೆ ಮುಟ್ಟಿಸುವುದೂ ನನ್ನ ಕೈಯಲ್ಲೇ ಇತ್ತು. ನಿನ್ನ ಕೈಯಲ್ಲಿ ಕರೆಯುವುದಷ್ಟೇ ಇದೆ ಎಂಬುದು ನನ್ನ ತಲೆಗೆ ಹೋಗಲಿಲ್ಲ.

ಹೋದ ವಾರ ಗೋಕಾಕಕ್ಕೆ ಕಣ್ಣು ತೋರಿಸಲು ಹೋದವನು ಅಲ್ಲಿಂದ ಘೋಡಗೇರಿಗೆ ಹೋದೆ. ಉದ್ದವ್ವನ ಮನೆಯಲ್ಲಿ ಕೂತೆ. ಕಿವುಡನಾದರೂ ಆಕೆಯ ಮಾತು ನನಗೆ ತಿಳಿಯುತ್ತದೆ, ಆಕೆ ಅರ್ಧ ಕೈಯಲ್ಲೇ ಮಾತಾಡುವವಳು. ನಿನ್ನ ಬಗ್ಗೆ ಒಂದೂ ಕೆಟ್ಟ ಮಾತಾಡಲಿಲ್ಲ. ಆಡಿದ್ದರೆ ನನಗೆ ಹಗುರಾಗುತ್ತಿತ್ತು.

ಸಾಲೆಯ ಬಿಸಿಯೂಟದ ಅಡುಗೆಗೆ ಆಕೆಯನ್ನು ಕರೆದಿದ್ದರಂತೆ. ಊರಲ್ಲೇ ಕೆಲಸ, ಬಾಗಿಲಿಗೆ ಬಂದದ್ದು. ಆಕೆ ಬೇಡ ಎಂದಳು. ಯಾಕೆ ಎಂದು ಕೇಳಿದೆ. ಆಕೆ ಹೇಳಿದ್ದು ನನಗೆ ಸರಿಯಾಗಿ ತಿಳಿಯಿತೋ ಇಲ್ಲವೋ ಎಂದು ಎರಡು ಸಲ ಹೇಳಿಸಿದೆ.

"ನಿಮ್ಮ ಮಗಳು ಕರಸ್ತೇನಿ ಅಂದಾಳಲ್ರಿ. ನಾ ಅರ್ಧಕ್ಕ ಬಿಟ್ಟು ಹೋದ್ರ ಸಾಲಿ ಹುಡುಗುರು ಉಪಾಸ ಕುಂದರ್ತಾವು. ಅದಕ್ಕ ಒಲ್ಲೆ ಅಂದೆ."

ಆ ಕೆಲಸ ಈಗ ಅಕ್ಕವ್ವ ಎಂಬವಳಿಗೆ ಹೋಗಿದೆ. ಉಳಿದವರೂ ಹೀಗೆಯೇ, ಒಬ್ಬಳು ಹೊಲದ ಕೆಲಸಕ್ಕೆ ವರ್ಷದ ಮಾತು ಕೊಡುತ್ತಿಲ್ಲ, ಒಬ್ಬಳು ಮಗಳ ಮನೆಗೆ ಹೋಗುತ್ತಿಲ್ಲ. ನಿನ್ನ ಮಾತು ಅವರನ್ನು ಕಟ್ಟಿಹಾಕಿದೆ.

ಬಸ್ಸು ಇನ್ನು ಬರುವುದಿಲ್ಲವೆಂದು ನಾನು ಅವರಿಗೆ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹೋದದ್ದು ತಿರುಗಿ ಬರುವುದಿಲ್ಲ, ಆದರೆ ಕಾಯುವವರಿಗೆ ಕಾಯಬೇಡಿ ಎಂದಾದರೂ ಹೇಳು. ನೀನೇ ಹೇಳಬೇಕು.

ಇಂತಿ
ನಿನ್ನ ಅಪ್ಪ

ಹುಕ್ಕೇರಿ
22 ಆಗಸ್ಟ್ 2025

ಅಪ್ಪಾ,

ನಿಮ್ಮ ಪತ್ರ ಓದಿದ ಮರುದಿನವೇ ಹೋದೆ. ಆಗಲೇ ಬರೆಯಬೇಕಿತ್ತು, ಆದರೆ ಅದು ಮುಗಿದ ಕಥೆಯಾಗಿರಲಿಲ್ಲ. ಈಗಲೂ ಮುಗಿದಿಲ್ಲ.

ಉಡಿಯಕ್ಕಿಯ ಗಂಟನ್ನು ಜೊತೆಗೆ ಒಯ್ದಿದ್ದೆ. ಚಿಗವ್ವ ಜೋಳ ಹಸನು ಮಾಡುತ್ತಿದ್ದಳು. ಬಂದಿದ್ದೇಕೆಂದು ಗೊತ್ತೆನ್ನುವ ಹಾಗೆ ಎದ್ದು ಓಣಿಯವರನ್ನು ಕರೆಯಲು ಹೊರಟಳು. ನಾಳೆಯಿಂದ ಬಸ್ಸು ಬರುತ್ತದೆಯೇ ಎಂದು ಕೇಳಿದಳು. ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಬಸ್ಸು ಬರುವುದಿಲ್ಲ, ಯಂತ್ರಗಳೇ ಇಲ್ಲ. ನೀವು ಸಹಿ ಮಾಡಿದ ಕಾಗದದಲ್ಲಿ ನಾವಾಗಿಯೇ ಬಿಟ್ಟೆವು ಎಂದು ಬರೆದಿತ್ತು. ಅದರಿಂದ ನಿಮಗೆ ಬರಬೇಕಾದದ್ದು ಬರದೆ ಹೋಯಿತು. ಅದು ಗೊತ್ತಿದ್ದೂ ತೋರಿಸಿದವಳು ನಾನು. ಕಾರ್ಮಿಕ ಕಚೇರಿಗೆ ದೂರು ಕೊಡಬಹುದು ಎಂದೂ ಹೇಳಿದೆ. ಗಂಟನ್ನು ಆಕೆಯ ಮುಂದಿಟ್ಟು, ಇದನ್ನು ತಿರುಗಿ ತೆಗೆದುಕೊಳ್ಳಿ, ನಾನು ಇದಕ್ಕೆ ತಕ್ಕವಳಲ್ಲ ಎಂದೆ.

ಚಿಗವ್ವ ಮತ್ತೆ ಕೂತು ಜೋಳದಲ್ಲಿಯ ಹರಳು ಆರಿಸತೊಡಗಿದಳು. ಹೋಗಲೋ ನಿಲ್ಲಲೋ ತಿಳಿಯದೆ ನಿಂತೇ ಇದ್ದೆ. ಆಮೇಲೆ ತಲೆ ಎತ್ತದೆಯೇ ಹೇಳಿದಳು.

"ಉಡ್ಯಾಗ ಹಾಕಿದ್ದ ತಿರುಗಿ ತಗೊಳ್ಳಾಕ ಬರೂದಿಲ್ಲ. ಮಗಳಂತ ಹಾಕೀವಿ, ಬ್ಯಾಡಾದ್ರೂ ಮಗಳ. ಆ ಕಚೇರಿಗೆ ನಮಗ ದಾರಿ ಗೊತ್ತಿಲ್ಲ. ನೀನ ಕರ್ಕೊಂಡು ನಡಿ."

ಅದು ಕ್ಷಮೆಯಲ್ಲ ಅಪ್ಪಾ. ಆಕೆಯ ದನಿ ನೀವು ಕೇಳಲಾರಿರಿ, ಕೇಳಿದ್ದರೆ ತಿಳಿಯುತ್ತಿತ್ತು. ಆವತ್ತು ಚಹಾ ಕೊಡಲಿಲ್ಲ, ಉಡಿ ತುಂಬಲಿಲ್ಲ. ಅದೇ ಗಂಟನ್ನು ಹೊತ್ತು ತಿರುಗಿ ಬಂದೆ.

ದೂರು ಕೊಟ್ಟೆವು. ಬರೆದವಳು ನಾನೇ. ನಿನ್ನೆ ಹುಕ್ಕೇರಿಯ ಕಚೇರಿಯಲ್ಲಿ ವಿಚಾರಣೆಯಿತ್ತು. ಕಂಪನಿಯ ಕಡೆಯಿಂದ ಯಾರನ್ನು ಕಳಿಸಿದ್ದರು ಗೊತ್ತೇ? ನನ್ನನ್ನು. ದೂರಿನ ಅಕ್ಷರ ಯಾರದೆಂದು ಅವರು ನೋಡಿರಲಿಲ್ಲ. ಈ ಹೆಂಗಸರು ನಿನ್ನೆದುರು ಬಾಯಿ ಬಿಡುವುದಿಲ್ಲ, ಸಹಿ ತಾವೇ ಮಾಡಿದ್ದೆಂದು ಒಪ್ಪಿಸಿ ಬಾ ಎಂದು ಕಿಶೋರ ಸಾಹೇಬರು ಫೈಲು ಕೊಟ್ಟರು. ದೂರು ಬರೆದವಳು ನಾನೇ ಎಂದು ಆಗಲೇ ಹೇಳಿಬಿಡಬೇಕೆಂದುಕೊಂಡೆ, ಹೇಳಲಿಲ್ಲ. ಫೈಲು ತೆಗೆದುಕೊಂಡು ಬಂದೆ.

ಅಧಿಕಾರಿಯ ಮೇಜಿನ ಈ ಕಡೆ ಒಂದು ಕುರ್ಚಿ, ಆ ಕಡೆ ಒಂದು ಉದ್ದನೆಯ ಬಾಕು. ಕುರ್ಚಿ ಕಂಪನಿಗೆ. ಬಾಕಿನ ಮೇಲೆ ಚಿಗವ್ವ, ಅಲ್ಲವ್ವ, ಉಳಿದವರು ಒತ್ತೊತ್ತಾಗಿ ಕೂತಿದ್ದರು. ಕೆಲವರಿಗೆ ಜಾಗವಿಲ್ಲದೆ ಗೋಡೆಗೆ ನಿಂತಿದ್ದರು. ಎಲ್ಲರೂ ನನ್ನ ಕೊರಳಿನ ಕಾರ್ಡು ನೋಡಿದರು. ಅಧಿಕಾರಿ ಕುರ್ಚಿ ತೋರಿಸಿ, ನೀವು ಮ್ಯಾನೇಜ್‌ಮೆಂಟ್ ಕಡೆಯವರಲ್ಲವೇ, ಕೂತುಕೊಳ್ಳಿ ಎಂದರು.

ಕಾರ್ಡು ತೆಗೆದು ಫೈಲಿನ ಮೇಲಿಟ್ಟು, ಫೈಲನ್ನು ಕುರ್ಚಿಯ ಮೇಲಿಟ್ಟೆ. ಕಾಗದ ಒಯ್ದದ್ದು ನಾನು, ಓದಿ ಹೇಳದೆ ಸಹಿ ಮಾಡಿಸಿದ್ದು ನಾನು, ಇವರು ಯಾರೂ ಬಿಡುತ್ತೇವೆ ಎಂದು ಕೇಳಿರಲಿಲ್ಲ ಎಂದು ಹೇಳಿದೆ. ಅಧಿಕಾರಿ ಎಲ್ಲವನ್ನೂ ಬರೆದುಕೊಂಡು, ಕೆಳಗೆ ಸಹಿ ಮಾಡು ಎಂದರು. ಓದಿಯೇ ಸಹಿ ಮಾಡಿದೆ.

ಮಾಡಿ ತಿರುಗಿ ನಿಂತೆ. ಕುರ್ಚಿಗೆ ಹೋಗುವ ಹಾಗಿಲ್ಲ, ಬಾಕಿಗೆ ಹೋಗಲು ಮುಖವಿಲ್ಲ. ಚಿಗವ್ವ ನನ್ನ ಕಡೆ ನೋಡಲಿಲ್ಲ, ಪಕ್ಕದ ಅಲ್ಲವ್ವನಿಗೆ ಸ್ವಲ್ಪ ಸರಿ ಎಂದಳು. ಒಬ್ಬರು ಕೂರುವಷ್ಟು ಜಾಗವಾಯಿತು. ಹೋಗಿ ಕೂತೆ. ಆಕೆಯ ಮೊಣಕೈ ನನಗೆ ತಾಗುತ್ತಿತ್ತು.

ತೀರ್ಪೇನೂ ಆಗಿಲ್ಲ. ಮುಂದಿನ ತಿಂಗಳಿಗೆ ತಾರೀಖು ಕೊಟ್ಟಿದ್ದಾರೆ. ಕಂಪನಿ ವಕೀಲರನ್ನು ತರುತ್ತದಂತೆ. ಸಂಜೆ ಕಿಶೋರ ಸಾಹೇಬರು ಫೋನು ಮಾಡಿ, ಈ ಲೈನಿನಲ್ಲಿ ನಿನ್ನ ದಾರಿ ಮುಗಿಯಿತು ಎಂದರು. ಸಿಟ್ಟಿನಲ್ಲಿ ಹೇಳಲಿಲ್ಲ, ಬೇಸರದಲ್ಲಿ ಹೇಳಿದರು. ಅವರ ಮಾತು ಸುಳ್ಳಲ್ಲ. ಇನ್ನು ನನ್ನ ಬಗ್ಗೆ ಯಾರು ಎಲ್ಲಿಂದ ವಿಚಾರಿಸಿದರೂ ಇದೇ ಉತ್ತರ ಸಿಗುತ್ತದೆ. ಅಷ್ಟು ಆಸೆಪಟ್ಟು ಓದಿದ್ದು, ನನಗೆ ದುಃಖವಾಗಿದೆ. ನಿಮ್ಮ ಮುಂದೆ ಧೈರ್ಯ ತೋರಿಸುವುದಿಲ್ಲ.

ನಾಡಿದ್ದು ಕೋಣೆ ಖಾಲಿ ಮಾಡಿ ಮೂಡಲಗಿಗೆ ಬರುತ್ತೇನೆ. ಅಕ್ಕಿಗೆ ನುಸಿ ಹತ್ತಿದೆ, ಜರಡಿ ಹಿಡಿದು ಬಿಸಿಲಿಗೆ ಹಾಕೋಣ. ಇನ್ನು ಅದನ್ನು ಉಣ್ಣಬಹುದೋ ಇಲ್ಲವೋ ನೀವೇ ಹೇಳಿ.

ಒಂದು ಮಾತು ಉಳಿಯಿತು. ನಿನ್ನೆ ವಿಚಾರಣೆ ಮುಗಿದ ಮೇಲೆ ಎಲ್ಲರನ್ನೂ ಘೋಡಗೇರಿಯ ಬಸ್ಸಿಗೆ ಹತ್ತಿಸಿ ನಾನು ಸ್ಟ್ಯಾಂಡಿನಲ್ಲೇ ಕೆಳಗೆ ನಿಂತೆ. ನನ್ನ ಕೋಣೆ ಅಲ್ಲೇ ಹತ್ತಿರ. ಕಂಡಕ್ಟರ್ ಸೀಟಿ ಊದಿದ. ಚಿಗವ್ವ ಕಿಟಕಿಯಿಂದ ಮುಖ ಹೊರಗೆ ಹಾಕಿ, ಅವತ್ತಿಡೀ ದಿನದಲ್ಲಿ ಮೊದಲ ಸಲ ನನ್ನೊಡನೆ ಮಾತಾಡಿದಳು.

"ಅಲ್ಲೇನ ನಿಂತಿ? ಕರ್ಕೊಂಡು ಹೋದಾಕಿ ನೀನು. ಮನಿ ಮುಟ್ಟಸಾಕಿ ಯಾರು?"

ಹತ್ತಿದೆ.

ನಿಮ್ಮ
ನಂದಿನಿ